ನಗರದ ಬಸ್ಸಿನಲ್ಲಿ ನಮ್ಮ ನಡತೆ

ಒಂದು ದಿನ ಬೆಳಗಿನ ಎಂಟೂವರೆ ಗಂಟೆಯ ಹೊತ್ತಿಗೆ ನಾವು ಅಂಬರಪೇಟೆಯ ಕಡೆಯಿಂದ ಕಾಚಿಗುಡದ ಮಾರ್ಗವಾಗಿ ಕೋಠಿಗೆ ಹೋಗುವ ಬಸ್ಸಿನಲ್ಲಿದ್ದೆವು. ಶಾಲೆ, ಕಾಲೇಜು, ಕಚೇರಿಗಳಿಗೆ ಹೊರಟವರಿಂದ ಬಸ್ಸು ತುಂಬಿಹೋಗಿತ್ತು. ನಡುವಿನ ಆಸನವೊಂದರಲ್ಲಿ ಕುಳಿತಿದ್ದ ತರುಣನೊಬ್ಬನು ತನ್ನ ಮೊಬೈಲಿನಲ್ಲಿ ಯಾವುದೋ ಹಾಸ್ಯದ ದೃಶ್ಯವನ್ನು ನೋಡುತ್ತಿದ್ದನು. ಅದರ ಧ್ವನಿಯು ಎಂಜಿನ್ನಿನ ಸದ್ದನ್ನೂ ಮೀರಿ ಬಸ್ಸಿನ ತುಂಬ ಕೇಳಿಸುತ್ತಿತ್ತು. ಎದುರಿನವರು ಹುಬ್ಬು ಗಂಟಿಕ್ಕಿದರು. ಪಕ್ಕದವರು ಮುಖ ತಿರುಗಿಸಿದರು. ಪರೀಕ್ಷೆಗೆ ಓದಿಕೊಳ್ಳುತ್ತಿದ್ದ ಹುಡುಗಿಯೊಬ್ಬಳು ಬೇಸತ್ತು ಪುಸ್ತಕವನ್ನು ಮುಚ್ಚಿದಳು. ಆದರೆ ಒಬ್ಬರೂ ಬಾಯಿ ತೆರೆಯಲಿಲ್ಲ. ನಾವೂ ತೆರೆಯಲಿಲ್ಲ.

ಕೊನೆಗೆ ಮುಂದಿನ ಆಸನದಲ್ಲಿದ್ದ ವೃದ್ಧೆಯೊಬ್ಬರು ಹಿಂದಿರುಗಿ ನೋಡಿ, "ನಾಯನಾ, ಕೊಂಚೆಂ ತಗ್ಗಿಂಚು" ಎಂದರು. ಸ್ವಲ್ಪ ಕಡಿಮೆ ಮಾಡಪ್ಪ ಎಂದು ಅದರ ಅರ್ಥ. ತರುಣನು ನಾಚಿಕೊಂಡು, "ಸರೇ ಅಮ್ಮಾ" ಎಂದು ಕೂಡಲೆ ಧ್ವನಿಯನ್ನು ನಿಲ್ಲಿಸಿದನು. ಅವನೇನೂ ದುಷ್ಟನಾಗಿರಲಿಲ್ಲ. ತನ್ನಿಂದ ಪರರಿಗೆ ತೊಂದರೆಯಾಗುತ್ತಿದೆಯೆಂಬುದು ಅವನ ಗಮನಕ್ಕೆ ಬಂದಿರಲಿಲ್ಲ, ಅಷ್ಟೆ. ಅಷ್ಟೊಂದು ಮಂದಿ ಕಾಲು ಗಂಟೆಯ ಕಾಲ ಸಹಿಸಿಕೊಂಡಿದ್ದ ಉಪದ್ರವವು ಮೂರೇ ಮಾತುಗಳಿಂದ ಮುಗಿಯಿತು.

ಹಾಗಾದರೆ ನಾವೆಲ್ಲರೂ ಏಕೆ ಸುಮ್ಮನಿದ್ದೆವು? ಈ ಪ್ರಶ್ನೆಯೇ ಪ್ರಸ್ತುತ ಲೇಖನಕ್ಕೆ ಕಾರಣವಾಯಿತು. ಬಸ್ಸಿನೊಳಗಿನ ಅಸಭ್ಯ ವರ್ತನೆಗಳನ್ನು ಕುರಿತು ದೂರುವವರು ಬಹಳ ಮಂದಿ ಇದ್ದಾರೆ. ಅವುಗಳನ್ನು ತಡೆಯುವ ಬಗೆಯನ್ನು ವಿಚಾರಿಸುವವರು ಕಡಿಮೆ. ದಿನವೂ ಬಸ್ಸಿನಲ್ಲಿ ಓಡಾಡುವ ನಮ್ಮ ವಿದ್ಯಾರ್ಥಿಗಳು ಈ ವಿಚಾರವನ್ನು ಅರಿತುಕೊಳ್ಳುವುದು ಅವಶ್ಯಕವೆಂದು ನಮಗೆ ತೋರುತ್ತದೆ.

ಮೊದಲು ಈ ಬಸ್ಸು ಯಾರದು ಎಂಬುದನ್ನು ತಿಳಿಯೋಣ. ಹೈದರಾಬಾದ್ ಸಂಸ್ಥಾನದಲ್ಲಿ ಸರಕಾರಿ ಬಸ್ಸುಗಳ ಸಂಚಾರವು 1932ನೆಯ ಇಸವಿಯಲ್ಲಿ ಆರಂಭವಾಯಿತು. ನಿಜಾಮ್ ಸ್ಟೇಟ್ ರೈಲ್ವೆಯ ಒಂದು ಅಂಗವಾಗಿ ರಸ್ತೆ ಸಾರಿಗೆ ಇಲಾಖೆಯು ಹುಟ್ಟಿದಾಗ ಅದರಲ್ಲಿ ಇದ್ದುದು 27 ಬಸ್ಸುಗಳು ಮತ್ತು 166 ಮಂದಿ ನೌಕರರು. ಆಗ ಬೀದರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳೂ ಇದೇ ಸಂಸ್ಥಾನಕ್ಕೆ ಸೇರಿದ್ದವು; 1956ನೆಯ ನವೆಂಬರ್ 1ರಂದು ರಾಜ್ಯಗಳ ಪುನರ್ರಚನೆಯಾದಾಗ ಅವು ಮೈಸೂರು ರಾಜ್ಯಕ್ಕೆ ಸೇರಿದವು. 1958ನೆಯ ಜನವರಿ 11ರಂದು ಆಂಧ್ರ ಪ್ರದೇಶದ ರಸ್ತೆ ಸಾರಿಗೆ ನಿಗಮವು ಸ್ಥಾಪಿತವಾಯಿತು. 2014ರಲ್ಲಿ ತೆಲಂಗಾಣ ರಾಜ್ಯವು ಉದಯಿಸಿದ ತರುವಾಯ ಇಲ್ಲಿಯ ಬಸ್ಸುಗಳು ಪ್ರತ್ಯೇಕ ನಿಗಮದ ಕೈಗೆ ಬಂದವು. ಇಂದಿಗೂ ಮಹಾತ್ಮಾ ಗಾಂಧಿ ಬಸ್ ನಿಲ್ದಾಣದಲ್ಲಿ ತೆಲಂಗಾಣದ ಬಸ್ಸುಗಳ ಪಕ್ಕದಲ್ಲಿಯೇ ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ಸುಗಳು ಕನ್ನಡದ ಫಲಕವನ್ನು ಹೊತ್ತು ನಿಂತಿರುವುದನ್ನು ನೀವು ಕಂಡಿದ್ದೀರಿ. ಆದುದರಿಂದ ಈ ನಗರದಲ್ಲಿರುವ ಕನ್ನಡಿಗರು, ಬಸ್ಸು ಬೇರೆಯವರದು, ನಮಗೇಕೆ ಅದರ ಗೊಡವೆ ಎಂದು ಭಾವಿಸಲು ಕಾರಣವಿಲ್ಲ. ಸುಮಾರು ತೊಂಬತ್ತು ವರ್ಷಗಳಿಗೂ ಮಿಕ್ಕಿ ನಮ್ಮ ಹಿರಿಯರೂ ನಾವೂ ಟಿಕೇಟಿನ ಹಣದಿಂದಲೂ ತೆರಿಗೆಯಿಂದಲೂ ನಡೆಸಿಕೊಂಡು ಬಂದಿರುವ ಸ್ವತ್ತು ಇದು.

ಇನ್ನು ಬಸ್ಸಿನೊಳಗಿನ ದುರ್ವರ್ತನೆಗಳೆಲ್ಲವೂ ಒಂದೇ ಬಗೆಯವಲ್ಲ. ಅವುಗಳನ್ನು ಸ್ಥೂಲವಾಗಿ ಮೂರು ವರ್ಗಗಳಾಗಿ ವಿಂಗಡಿಸಬಹುದು. ಮೊದಲನೆಯದು ಅಲಕ್ಷ್ಯದಿಂದ ಆಗತಕ್ಕದ್ದು. ಎರಡನೆಯದು ಅಪಾಯವನ್ನು ತರತಕ್ಕದ್ದು. ಮೂರನೆಯದು ಇನ್ನೊಬ್ಬರ ಮೈಗೆ ಅಥವಾ ಮಾನಕ್ಕೆ ಹಾನಿ ಮಾಡತಕ್ಕದ್ದು. ರೋಗ ಬೇರೆಯಾದರೆ ಮದ್ದೂ ಬೇರೆಯಾಗುವಂತೆ, ಈ ಮೂರಕ್ಕೂ ಪರಿಹಾರಗಳು ಬೇರೆ ಬೇರೆ.

ಗಟ್ಟಿಯಾಗಿ ಮೊಬೈಲ್ ಬಾರಿಸುವುದು, ಆಸನದ ಮೇಲೆ ಕಾಲಿಡುವುದು, ಒಳಗೆ ಸ್ಥಳವಿದ್ದರೂ ಬಾಗಿಲಲ್ಲಿಯೇ ನಿಲ್ಲುವುದು, ಬೆನ್ನಿನ ಚೀಲದಿಂದ ಹಿಂದಿನವರ ಮುಖಕ್ಕೆ ತಾಗಿಸುವುದು, ಕಿಟಕಿಯಿಂದ ಹೊರಗೆ ಉಗುಳುವುದು, ಇವೆಲ್ಲ ಮೊದಲನೆಯ ವರ್ಗದವು. ಉಗುಳುವವನು ತನ್ನ ಬಾಯಿಯನ್ನು ಮಾತ್ರ ನೋಡಿಕೊಳ್ಳುತ್ತಾನೆ. ಬಸ್ಸಿನ ಪಕ್ಕದಲ್ಲಿ ದ್ವಿಚಕ್ರ ವಾಹನದ ಮೇಲೆ ಬರುತ್ತಿರುವವನ ಅಂಗಿಯನ್ನು ನೋಡುವುದಿಲ್ಲ. ನಮ್ಮ ನಗರದ ಬಸ್ಸುಗಳಲ್ಲಿ ಮುಂದಿನ ಆಸನಗಳು ಸ್ತ್ರೀಯರಿಗೆ ಮೀಸಲಾಗಿವೆ. ಸ್ತ್ರೀಯರನ್ನು ಗೌರವಿಸುವುದು ನಮ್ಮ ಸಂಪ್ರದಾಯವೆಂದೂ ಅವರಿಗಾಗಿ ಇಟ್ಟ ಆಸನಗಳಲ್ಲಿ ಅವರನ್ನೇ ಕುಳ್ಳಿರಿಸೋಣವೆಂದೂ ತೆಲುಗಿನಲ್ಲಿ ಬರೆದಿರುವ ವಾಕ್ಯವನ್ನು ನೀವು ಎಷ್ಟೋ ಸಲ ಓದಿರಬಹುದು. ಆ ವಾಕ್ಯದ ಕೆಳಗೆಯೇ ಕುಳಿತು ಕಣ್ಣು ಮುಚ್ಚಿ ನಿದ್ರೆಯನ್ನು ನಟಿಸುವ ಗಂಡಸರೂ ಉಂಟು.

ಎರಡನೆಯ ವರ್ಗದಲ್ಲಿ ಮುಖ್ಯವಾದುದು ಮೆಟ್ಟಿಲ ಮೇಲೆ ಜೋತಾಡುವುದು. ಈ ವಿಷಯದಲ್ಲಿ ದೊಡ್ಡವರನ್ನು ದೂರುವ ಮೊದಲು ನಮ್ಮ ಹುಡುಗರು ತಮ್ಮನ್ನೇ ನೋಡಿಕೊಳ್ಳಬೇಕು. ಇದರಲ್ಲಿರುವ ಅಪಾಯವನ್ನು ನಿಮ್ಮ ವಿಜ್ಞಾನದ ಪಾಠವೇ ತಿಳಿಸುತ್ತದೆ. ಗಂಟೆಗೆ 30 ಕಿಲೋಮೀಟರು ವೇಗದಲ್ಲಿ ಹೋಗುವ ಬಸ್ಸು ಒಂದು ಸೆಕೆಂಡಿಗೆ 8 ಮೀಟರಿಗಿಂತಲೂ ಹೆಚ್ಚು ದೂರವನ್ನು ಕ್ರಮಿಸುತ್ತದೆ. ಬಸ್ಸು ತಿರುವಿನಲ್ಲಿ ಒಮ್ಮೆಲೆ ಬಲಕ್ಕೆ ತಿರುಗಿದರೆ, ಎಡಗಡೆಯ ಮೆಟ್ಟಿಲ ಮೇಲಿರುವವನ ದೇಹವು ಜಡತ್ವದ ನಿಯಮದಂತೆ ನೇರವಾಗಿಯೇ ಮುಂದುವರಿಯಲು ಹವಣಿಸುತ್ತದೆ. ಅವನನ್ನು ಬಸ್ಸಿನೊಡನೆ ಹಿಡಿದಿರಿಸುವುದು ಕಂಬಿಯನ್ನು ಹಿಡಿದ ಕೈ ಒಂದೇ. ಬೆನ್ನಿಗೆ ಪುಸ್ತಕದ ಚೀಲವಿದ್ದರೆ ಭಾರವು ಇನ್ನಷ್ಟು ಹೊರಕ್ಕೆ ಎಳೆಯುತ್ತದೆ. ಮಳೆಗಾಲದಲ್ಲಿ ಕೈ ಒದ್ದೆಯಾಗಿದ್ದರೆ ಹೇಳಬೇಕಾದುದೇ ಇಲ್ಲ. ಅದಲ್ಲದೆ ಜೋತಾಡುವವರು ಡ್ರೈವರನ ಎಡಗನ್ನಡಿಗೆ ಅಡ್ಡವಾಗುತ್ತಾರೆ. ಆಗ ಪಕ್ಕದಲ್ಲಿ ನಡೆದುಹೋಗುತ್ತಿರುವ ಮುದುಕನಾಗಲಿ, ಸೈಕಲ್ಲಿನ ಮೇಲಿನ ಬಾಲಕನಾಗಲಿ ಅವನ ಕಣ್ಣಿಗೆ ಬೀಳುವುದಿಲ್ಲ. ಮೆಟ್ಟಿಲ ಮೇಲಿನವನ ಸಾಹಸಕ್ಕೆ ಪ್ರಾಣ ತೆರುವವನು ಬೇರೊಬ್ಬನಾಗಬಹುದು. 1988ರ ಮೋಟಾರು ವಾಹನಗಳ ಕಾಯಿದೆಯ 123ನೆಯ ಕಲಮು ವಾಹನದ ಮೆಟ್ಟಿಲ ಮೇಲಾಗಲಿ ಮಾಳಿಗೆಯ ಮೇಲಾಗಲಿ ಪ್ರಯಾಣ ಮಾಡುವುದನ್ನು ನಿಷೇಧಿಸಿರುವುದು ಈ ಕಾರಣದಿಂದಲೇ.

ಇಲ್ಲಿ ನ್ಯಾಯವಾಗಿ ಹೇಳಬೇಕಾದ ಮಾತೊಂದಿದೆ. ಮೆಟ್ಟಿಲ ಮೇಲೆ ನಿಲ್ಲುವವರೆಲ್ಲರೂ ಬೆಡಗಿಗಾಗಿ ನಿಲ್ಲುವುದಿಲ್ಲ. ಬಸ್ಸು ತಡವಾಗಿ ಬಂದು, ಒಳಗೆ ಕಾಲಿಡಲು ಸ್ಥಳವಿಲ್ಲದಿದ್ದರೆ, ಶಾಲೆಯ ಗಂಟೆಗೆ ಹೆದರಿದ ಹುಡುಗನು ಸಿಕ್ಕಿದಷ್ಟು ಮೆಟ್ಟಿಲಿಗೆ ಅಂಟಿಕೊಳ್ಳುತ್ತಾನೆ. ಇದಕ್ಕೆ ಬುದ್ಧಿವಾದವೊಂದೇ ಸಾಲದು. ಹೆಚ್ಚು ಬಸ್ಸುಗಳೇ ಬೇಕು. ಅವನ್ನು ಪಡೆಯುವ ಮಾರ್ಗವೂ ನಮ್ಮ ಕೈಯಲ್ಲಿದೆ. ಒಂದು ವಾರದ ಮಟ್ಟಿಗೆ ಯಾವ ನಿಲ್ದಾಣದಲ್ಲಿ, ಎಷ್ಟು ಗಂಟೆಗೆ, ಎಷ್ಟು ಮಂದಿ ವಿದ್ಯಾರ್ಥಿಗಳು ಬಸ್ಸು ಸಿಕ್ಕದೆ ಉಳಿದರೆಂಬುದನ್ನು ಎಣಿಸಿ ಬರೆದಿಟ್ಟು, ಮುಖ್ಯೋಪಾಧ್ಯಾಯರ ಮೂಲಕ ಡಿಪೋ ಮ್ಯಾನೇಜರರಿಗೆ ಮನವಿ ಸಲ್ಲಿಸಬಹುದು. ಬರಿಯ ಗೊಣಗಾಟಕ್ಕಿಂತ ಲೆಕ್ಕದ ಕಾಗದಕ್ಕೆ ಬೆಲೆ ಹೆಚ್ಚು.

ಮೂರನೆಯ ವರ್ಗವನ್ನು ಮುಂದೆ ನೋಡೋಣ. ಅದಕ್ಕೆ ಮೊದಲು, ಜನರು ಸುಮ್ಮನಿರುವುದೇಕೆ ಎಂಬ ಪ್ರಶ್ನೆಗೆ ಹಿಂದಿರುಗಬೇಕು. ಇದನ್ನು ವಿದ್ವಾಂಸರು ಪ್ರಯೋಗ ಮಾಡಿ ಪರೀಕ್ಷಿಸಿದ್ದಾರೆ. 1968ರಲ್ಲಿ ಲಾಟಾನೆ ಮತ್ತು ಡಾರ್ಲಿ ಎಂಬ ಇಬ್ಬರು ಅಮೆರಿಕದ ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗದ ಫಲವನ್ನು ಪ್ರಕಟಿಸಿದರು. ಕೋಣೆಯೊಂದರಲ್ಲಿ ವಿದ್ಯಾರ್ಥಿಗಳನ್ನು ಕುಳ್ಳಿರಿಸಿ, ಪ್ರಶ್ನಾವಳಿಯನ್ನು ತುಂಬಲು ಕೊಟ್ಟು, ಗೋಡೆಯ ಕಿಂಡಿಯಿಂದ ಹೊಗೆ ಬಿಟ್ಟರು. ಒಬ್ಬನೇ ಕುಳಿತಿದ್ದಾಗ ನೂರಕ್ಕೆ 75 ಮಂದಿ ಎದ್ದು ಹೋಗಿ ಹೊಗೆಯ ಸುದ್ದಿಯನ್ನು ತಿಳಿಸಿದರು. ಮೂವರು ಕೂಡಿ ಕುಳಿತಿದ್ದಾಗ ನೂರಕ್ಕೆ 38 ಗುಂಪುಗಳಲ್ಲಿ ಮಾತ್ರ ಯಾರಾದರೊಬ್ಬರು ಎದ್ದರು. ಜನ ಹೆಚ್ಚಿದಷ್ಟೂ ಸಹಾಯ ಹೆಚ್ಚುವುದೆಂದು ನಾವು ತಿಳಿಯುತ್ತೇವೆ. ನಡೆದುದು ಅದಕ್ಕೆ ವಿರುದ್ಧ. ಪ್ರತಿಯೊಬ್ಬನೂ ಇತರರ ಮುಖವನ್ನು ನೋಡುತ್ತಾನೆ. ಅವರು ಶಾಂತರಾಗಿರುವುದನ್ನು ಕಂಡು ಅಂಥದೇನೂ ಇಲ್ಲವೆಂದುಕೊಳ್ಳುತ್ತಾನೆ. ಇದ್ದರೂ ಬೇರೆ ಯಾರಾದರೂ ಹೇಳಿಯಾರೆಂದು ಕಾಯುತ್ತಾನೆ. ತುಂಬಿದ ಬಸ್ಸಿನಲ್ಲಿ ನಮ್ಮೆಲ್ಲರ ಸ್ಥಿತಿಯೂ ಇದೇ ಆಗಿತ್ತು.

ಇನ್ನೊಂದು ಕಾರಣವು ಸಂಕೋಚ. ಮಿಲ್‌ಗ್ರಾಂ ಎಂಬ ಪ್ರಾಧ್ಯಾಪಕರು ಎಪ್ಪತ್ತರ ದಶಕದಲ್ಲಿ ನ್ಯೂಯಾರ್ಕ್ ನಗರದ ಸುರಂಗ ರೈಲಿನಲ್ಲಿ ತಮ್ಮ ವಿದ್ಯಾರ್ಥಿಗಳಿಂದ ಒಂದು ಪರೀಕ್ಷೆಯನ್ನು ಮಾಡಿಸಿದರು. ಕುಳಿತಿರುವ ಅಪರಿಚಿತರ ಬಳಿಗೆ ಹೋಗಿ, ಯಾವ ಕಾರಣವನ್ನೂ ಹೇಳದೆ, "ದಯವಿಟ್ಟು ನಿಮ್ಮ ಆಸನವನ್ನು ಕೊಡುವಿರಾ?" ಎಂದು ಕೇಳಬೇಕು. ಯಾರೂ ಏಳಲಾರರೆಂದು ಹಲವರು ಎಣಿಸಿದ್ದರು. ಆದರೆ ನೂರಕ್ಕೆ 68 ಮಂದಿ ಎದ್ದು ನಿಂತರು ಅಥವಾ ಸರಿದು ಸ್ಥಳ ಮಾಡಿಕೊಟ್ಟರು. ಕಷ್ಟಪಟ್ಟವರು ಕೊಟ್ಟವರಲ್ಲ, ಕೇಳಿದವರು. ಕೇಳಬೇಕಾದ ಮಾತು ಅವರ ಗಂಟಲಲ್ಲಿಯೇ ಸಿಕ್ಕಿಕೊಳ್ಳುತ್ತಿತ್ತು. ಪ್ರಾಧ್ಯಾಪಕರು ತಾವೇ ಕೇಳಲು ಹೋದಾಗ ಅವರಿಗೂ ಹಾಗೆಯೇ ಆಯಿತು. ಇದರಿಂದ ನಾವು ತಿಳಿಯಬೇಕಾದುದೇನೆಂದರೆ, ಕೇಳುವುದು ನಾವು ಹೆದರುವಷ್ಟು ನಿಷ್ಫಲವಲ್ಲ. ಆ ವೃದ್ಧೆಗೆ ಈ ಪ್ರಯೋಗಗಳ ಪರಿಚಯವಿರಲಿಲ್ಲ. ಕೇಳಿದರೆ ಕೊಡುವರೆಂಬ ನಂಬಿಕೆಯಿತ್ತು.

ಆದರೆ ಕೇಳುವುದಕ್ಕೂ ಒಂದು ಕ್ರಮವುಂಟು. "ನಿನಗೆ ಬುದ್ಧಿಯಿಲ್ಲವೆ?" ಎಂದು ಆರಂಭಿಸಿದರೆ ಎದುರಿನವನು ತನ್ನ ತಪ್ಪನ್ನು ಮರೆತು ತನ್ನ ಮಾನವನ್ನು ಕಾಯ್ದುಕೊಳ್ಳಲು ನಿಲ್ಲುತ್ತಾನೆ, ಜಗಳವು ಅಲ್ಲಿಂದ ಹುಟ್ಟುತ್ತದೆ. ಅವನ ತಪ್ಪನ್ನು ಎತ್ತಿ ಆಡದೆ, ನಮ್ಮ ಅಗತ್ಯವನ್ನು ಮೆಲುದನಿಯಲ್ಲಿ ತಿಳಿಸುವುದು ಲೇಸು. ನಮ್ಮ ನಗರದಲ್ಲಿ ಇದಕ್ಕೆ ಅನುಕೂಲವಾದ ಒಂದು ಸಂಪತ್ತು ನಿಮ್ಮಲ್ಲಿದೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಅಂಗಡಿಯಲ್ಲಿ ದಖನಿ ಹೀಗೆ ಮೂರು ನುಡಿಗಳನ್ನು ನೀವು ಬಲ್ಲಿರಿ. "ಅಣ್ಣಾ, ಕೊಂಚೆಂ ಜರಗಂಡಿ" ಎಂದೋ, "ಭಾಯ್, ಜರಾ ಸರಕೋ" ಎಂದೋ ಎದುರಿನವನ ನುಡಿಯಲ್ಲಿಯೇ ಕೇಳಿದರೆ ಅಪರಿಚಿತನೂ ನೆಂಟನಂತೆ ಸರಿಯುತ್ತಾನೆ. ಒಬ್ಬರು ಕೇಳಿದಾಗ ಪಕ್ಕದಲ್ಲಿರುವವರು ಸುಮ್ಮನೆ ನೋಡದೆ, "ಹೌದು, ದಯವಿಟ್ಟು" ಎಂದು ಒಂದು ಮಾತನ್ನು ಕೂಡಿಸಬೇಕು. ಮೊದಲು ಮಾತನಾಡಿದವರು ಒಂಟಿಯಾಗಿ ಉಳಿಯಬಾರದು. ಹಾಗೆ ಕೇಳಿದರೂ ಕಿವಿಗೊಡದಿದ್ದರೆ, ವಾದ ಬೆಳೆಸದೆ ಕಂಡಕ್ಟರರಿಗೆ ತಿಳಿಸಬೇಕು.

ಕಂಡಕ್ಟರರ ಕಷ್ಟವನ್ನೂ ಸ್ವಲ್ಪ ಅರಿಯೋಣ. ತುಂಬಿದ ಬಸ್ಸಿನಲ್ಲಿ ಅವರು ಎಲ್ಲರಿಗೂ ಟಿಕೇಟು ಕೊಡಬೇಕು, ಚಿಲ್ಲರೆ ಹೊಂದಿಸಬೇಕು, ಹತ್ತುವವರನ್ನೂ ಇಳಿಯುವವರನ್ನೂ ನೋಡಿ "ರೈಟ್, ರೈಟ್" ಎನ್ನಬೇಕು. 2023ನೆಯ ಡಿಸೆಂಬರ್ 9ರಿಂದ ತೆಲಂಗಾಣದಲ್ಲಿ ಮಹಾಲಕ್ಷ್ಮಿ ಯೋಜನೆಯ ಮೇರೆಗೆ ರಾಜ್ಯದ ಸ್ತ್ರೀಯರಿಗೂ ಬಾಲಿಕೆಯರಿಗೂ ಸಾಮಾನ್ಯ ಹಾಗೂ ಎಕ್ಸ್‌ಪ್ರೆಸ್ ಬಸ್ಸುಗಳಲ್ಲಿ ಉಚಿತ ಪ್ರಯಾಣವು ದೊರೆತಿದೆ. "ಹಣವೇ ಇಲ್ಲವೆಂದ ಮೇಲೆ ಟಿಕೇಟು ಏಕೆ?" ಎಂದು ಕೆಲವರು ಕಂಡಕ್ಟರರೊಡನೆ ವಾದಿಸುತ್ತಾರೆ. ಆ ಶೂನ್ಯ ಬೆಲೆಯ ಟಿಕೇಟುಗಳ ಲೆಕ್ಕದ ಮೇಲೆಯೇ ಸರಕಾರವು ನಿಗಮಕ್ಕೆ ಹಣವನ್ನು ತುಂಬಿಕೊಡುತ್ತದೆ. ಟಿಕೇಟು ಪಡೆಯದಿದ್ದರೆ ಬಸ್ಸಿಗೇ ನಷ್ಟ.

ನಮ್ಮ ಮನೆಗಳಿಗೆ ಸಂಬಂಧಿಸಿದ ಇನ್ನೊಂದು ಪ್ರಸಂಗವುಂಟು. ಬೀದರದಿಂದಲೋ ಕಲಬುರಗಿಯಿಂದಲೋ ಅಜ್ಜಿಯೊಬ್ಬರು ಮೊಮ್ಮಕ್ಕಳನ್ನು ನೋಡಲು ಬರುತ್ತಾರೆ. ಕರ್ನಾಟಕದಲ್ಲಿ 2023ನೆಯ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಂತೆ ಅಲ್ಲಿಯ ಬಸ್ಸಿನಲ್ಲಿ ಅವರು ಹಣ ಕೊಡಬೇಕಾಗಿಲ್ಲ. ಇಲ್ಲಿಯ ನಗರದ ಬಸ್ಸಿನಲ್ಲಿ ಅದೇ ಗುರುತಿನ ಚೀಟಿಯನ್ನು ತೋರಿಸಿದಾಗ, ತೆಲಂಗಾಣದ ವಿಳಾಸವಿಲ್ಲದುದರಿಂದ ಕಂಡಕ್ಟರರು ಹಣ ಕೇಳುತ್ತಾರೆ. ಅಜ್ಜಿಗೆ ತೆಲುಗು ಬಾರದು. ಕಂಡಕ್ಟರರಿಗೆ ಕನ್ನಡ ಬಾರದು. ಇಬ್ಬರ ಧ್ವನಿಯೂ ಏರುತ್ತದೆ. ಆಗ ಬದಿಯಲ್ಲಿರುವ ನಮ್ಮ ಶಾಲೆಯ ಹುಡುಗಿಯು, "ಅಜ್ಜೀ, ಕರ್ನಾಟಕದ ಕಾರ್ಡು ಇಲ್ಲಿ ನಡಿಯಂಗಿಲ್ರೀ, ಟಿಕೇಟು ತಗೋಬೇಕು" ಎಂದು ತಿಳಿಯಹೇಳಿದರೆ ಜಗಳವು ಅಲ್ಲಿಗೇ ತಣ್ಣಗಾಗುತ್ತದೆ. ಅಜ್ಜಿಯದೂ ತಪ್ಪಲ್ಲ, ಕಂಡಕ್ಟರರದೂ ತಪ್ಪಲ್ಲ. ನಡುವೆ ಒಬ್ಬರು ಮಾತನಾಡುವವರು ಬೇಕಾಗಿತ್ತು.

ಆದರೆ ಇಂಥ ವಾದಗಳು ಕೆಲವು ಸಲ ಹೊಡೆತದಲ್ಲಿ ಮುಗಿದುದೂ ಉಂಟು. ರಸ್ತೆ ಸಾರಿಗೆ ನಿಗಮಗಳ 1950ರ ಕಾಯಿದೆಯ ಪ್ರಕಾರ ನಿಗಮದ ನೌಕರರು ಸಾರ್ವಜನಿಕ ಸೇವಕರೆಂದು ಪರಿಗಣಿಸಲ್ಪಡುತ್ತಾರೆ. ಕರ್ತವ್ಯದಲ್ಲಿರುವ ಅವರ ಮೇಲೆ ಕೈ ಮಾಡುವವರಿಗೆ, 2024ನೆಯ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಂತೆ ಎರಡು ವರ್ಷಗಳವರೆಗೆ ಸೆರೆವಾಸವಾಗಬಹುದು. ದಿನವೆಲ್ಲ ನಿಂತು ದುಡಿಯುವ ಕಂಡಕ್ಟರರೂ ಸಂಜೆ ಮನೆಗೆ ಹೋಗಿ ಮಕ್ಕಳ ಮುಖವನ್ನು ನೋಡಬೇಕಾದವರೇ.

ಈಗ ಮೂರನೆಯ ವರ್ಗಕ್ಕೆ ಬರೋಣ. ಗುಂಪಿನ ನೆವದಲ್ಲಿ ಹೆಣ್ಣುಮಕ್ಕಳ ಮೈ ಮುಟ್ಟುವುದು, ಕೆಟ್ಟ ಮಾತುಗಳನ್ನಾಡುವುದು, ಇಳಿದ ಮೇಲೆ ಹಿಂಬಾಲಿಸುವುದು, ಇವು ಅಸಭ್ಯತೆಗಳಲ್ಲ, ಅಪರಾಧಗಳು. ಇಲ್ಲಿ ವಿನಯದ ವಿನಂತಿಗೆ ಎಡೆಯಿಲ್ಲ. ಇದಕ್ಕೆ ಗುರಿಯಾದ ಹುಡುಗಿಯು ಹಲವು ಸಲ ಯಾರಿಗೂ ಹೇಳದೆ ನುಂಗಿಕೊಳ್ಳುತ್ತಾಳೆ. ಹೇಳಿದರೆ ಮನೆಯವರು ಶಾಲೆಯನ್ನೇ ಬಿಡಿಸಿಯಾರೆಂಬ ಹೆದರಿಕೆ ಅವಳದು. ತಪ್ಪು ಮಾಡಿದವನು ಮರುದಿನವೂ ಅದೇ ಬಸ್ಸಿನಲ್ಲಿ ಹೋಗುತ್ತಾನೆ. ತಪ್ಪಿಲ್ಲದವಳ ಓದು ನಿಲ್ಲುತ್ತದೆ. ಇದಕ್ಕಿಂತ ದೊಡ್ಡ ಅನ್ಯಾಯವಾವುದು? ಆದುದರಿಂದ ಹೆಣ್ಣುಮಕ್ಕಳು ಕೂಡಲೆ ಗಟ್ಟಿಯಾಗಿ ಹೇಳಬೇಕು, ಕಂಡಕ್ಟರರಿಗೆ ತಿಳಿಸಬೇಕು, ಮನೆಯಲ್ಲಿ, ಶಾಲೆಯಲ್ಲಿ ತಾವು ನಂಬಿದ ಹಿರಿಯರಿಗೆ ಹೇಳಬೇಕು. 112 ಅಥವಾ 100ಕ್ಕೆ ಕರೆ ಮಾಡಿದರೆ ಪೊಲೀಸರೂ, 1098ಕ್ಕೆ ಕರೆ ಮಾಡಿದರೆ ಮಕ್ಕಳ ಸಹಾಯವಾಣಿಯವರೂ ನೆರವಾಗುತ್ತಾರೆ. ಹೈದರಾಬಾದಿನಲ್ಲಿ 2014ನೆಯ ಅಕ್ಟೋಬರ್ 24ರಂದು ಆರಂಭವಾದ 'ಶೀ ಟೀಮ್ಸ್' ಎಂಬ ಪೊಲೀಸ್ ತಂಡಗಳು ಮಫ್ತಿಯಲ್ಲಿ ಬಸ್ಸು, ನಿಲ್ದಾಣಗಳಲ್ಲಿ ಸಂಚರಿಸಿ ಇಂಥವರನ್ನು ಹಿಡಿಯುತ್ತವೆ. ಹದಿನೆಂಟು ವರ್ಷದೊಳಗಿನವರೆಲ್ಲರ ರಕ್ಷಣೆಗಾಗಿ, ಹುಡುಗರನ್ನೂ ಒಳಗೊಂಡು, 2012ರ ಪೋಕ್ಸೋ ಕಾಯಿದೆಯಿದೆ.

ಹೆಣ್ಣುಮಕ್ಕಳು ಹೀಗೆ ಧೈರ್ಯ ಮಾಡಬೇಕಾದರೆ ಉಳಿದವರ ಬೆಂಬಲವಿರಬೇಕು. ಹುಡುಗರು ಇದನ್ನು ಕಂಡು ನಕ್ಕರೆ ಅಪರಾಧಿಗೆ ಸಾಕ್ಷಿಗಳಲ್ಲ, ಸಹಾಯಕರೇ ಆಗುತ್ತಾರೆ. ಅವನೊಡನೆ ಕೈ ಮಿಲಾಯಿಸಬೇಕೆಂದು ನಾವು ಹೇಳುವುದಿಲ್ಲ. ಅದು ನಿಮ್ಮ ಕೆಲಸವಲ್ಲ, ಅಪಾಯವೂ ಉಂಟು. "ತಂಗೀ, ಇಲ್ಲಿ ಬಾ, ಇಲ್ಲಿ ಸ್ಥಳವಿದೆ" ಎಂದು ಅವಳನ್ನು ಆಚೆಗೆ ಕರೆಯಬಹುದು. ಕಂಡಕ್ಟರರನ್ನು ಕೂಗಬಹುದು. ಇಳಿದ ಮೇಲೆ, ನಾನೂ ನೋಡಿದ್ದೇನೆ ಎಂದು ಹೇಳಬಹುದು. ಈ ಕಡೆಯ ಮಾತಿನಿಂದ ಅವಳಿಗೆ ಎಷ್ಟು ಬಲ ಬರುತ್ತದೆಂಬುದನ್ನು ಅನುಭವಿಸಿದವರೇ ಬಲ್ಲರು.

ಕಾಯಿದೆಗಳಿಂದಲೇ ಎಲ್ಲವೂ ಸರಿಯಾಗಬಹುದಲ್ಲವೆ ಎಂದು ನೀವು ಕೇಳಬಹುದು. ಕಾಯಿದೆಗಳಿಗೇನೂ ಕೊರತೆಯಿಲ್ಲ. 2003ರ ತಂಬಾಕು ನಿಯಂತ್ರಣ ಕಾಯಿದೆಯು ಸಾರ್ವಜನಿಕ ವಾಹನಗಳಲ್ಲಿ ಧೂಮಪಾನವನ್ನು ನಿಷೇಧಿಸಿ 200 ರೂಪಾಯಿಗಳವರೆಗೆ ದಂಡವನ್ನು ವಿಧಿಸಿದೆ. 2021ನೆಯ ನವೆಂಬರಿನಲ್ಲಿ ಕರ್ನಾಟಕ ರಾಜ್ಯ ರಸ್ತೆ ಸಾರಿಗೆ ನಿಗಮವು ಬಸ್ಸಿನೊಳಗೆ ಮೊಬೈಲುಗಳನ್ನು ಗಟ್ಟಿಯಾಗಿ ಬಾರಿಸಬಾರದೆಂದು ಆಜ್ಞೆ ಹೊರಡಿಸಿತು. ಕಂಡಕ್ಟರರು ಮೊದಲು ವಿನಂತಿಸಬೇಕು. ಕೇಳದಿದ್ದರೆ ಪ್ರಯಾಣಿಕನನ್ನು ಇಳಿಸಬಹುದು. ಆ ಆಜ್ಞೆಯೂ ವಿನಂತಿಯಿಂದಲೇ ಆರಂಭವಾಗುವುದನ್ನು ಗಮನಿಸಿರಿ. ಪ್ರತಿಯೊಂದು ಬಸ್ಸಿನಲ್ಲಿಯೂ ಪೊಲೀಸರನ್ನು ನಿಲ್ಲಿಸಲಾಗದು. ಯಾರಾದರೊಬ್ಬರು ಬಾಯಿ ತೆರೆದು ಹೇಳುವವರೆಗೆ ಕಾಯಿದೆಯು ಪುಸ್ತಕದಲ್ಲಿಯೇ ಇರುತ್ತದೆ.

ವಿದ್ಯಾರ್ಥಿ ಮಿತ್ರರೇ, ಇದು ಕಷ್ಟದ ವ್ರತವಲ್ಲ. ನಾಳೆಯ ಬೆಳಿಗ್ಗೆ ಬಸ್ಸು ಹತ್ತಿದ ಕೂಡಲೆ ಬೆನ್ನಿನ ಚೀಲವನ್ನು ತೆಗೆದು ಕೈಯಲ್ಲಿ ಹಿಡಿಯಿರಿ; ಮೆಟ್ಟಿಲನ್ನು ಬಿಟ್ಟು ಎರಡು ಹೆಜ್ಜೆ ಒಳಗೆ ಸರಿಯಿರಿ; ಮುದುಕರನ್ನೋ ಮಗುವನ್ನೆತ್ತಿದ ತಾಯಿಯನ್ನೋ ಕಂಡರೆ ಎದ್ದು ನಿಲ್ಲಿರಿ. ಬೇರೆಯವರು ತಪ್ಪಿದುದನ್ನು ಕಂಡಾಗ, ಇನ್ನೊಬ್ಬರು ಹೇಳಿಯಾರೆಂದು ಕಾಯದೆ, ಒಂದು ಒಳ್ಳೆಯ ಮಾತಿನಲ್ಲಿ ತಿಳಿಸಿರಿ. ಆ ದಿನ ಬಸ್ಸಿನಿಂದ ಇಳಿಯುವಾಗ ನಾವು ಆ ವೃದ್ಧೆಗೆ ನಮಸ್ಕರಿಸಿದೆವು. ಏಕೆಂದು ಅವರಿಗೆ ತಿಳಿಯಲಿಲ್ಲ, ನಕ್ಕು ತಲೆಯಾಡಿಸಿದರು. ಹುಡುಗಿಯು ಮತ್ತೆ ಪುಸ್ತಕವನ್ನು ತೆರೆದು ಓದುತ್ತಿದ್ದಳು.